ಅಜ್ಜಿಯ ಮಾತ್ರೆ ಡಬ್ಬಿಯ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ಕೆಲವು ವಾರಗಳ ಹಿಂದೆ ಹತ್ತನೇ ತರಗತಿಯ ಕೋಣೆ ಗುಡಿಸುವಾಗ ನಮ್ಮ ಆಯಾ ಅವರಿಗೆ ಕೊನೆಯ ಬೆಂಚಿನ ಕೆಳಗೆ ಅರ್ಧ ಖಾಲಿಯಾದ ಒಂದು ಮಾತ್ರೆ ಸ್ಟ್ರಿಪ್ ಸಿಕ್ಕಿತು. ಹಿಂಬದಿಯಲ್ಲಿ ಕೆಂಪಕ್ಷರದ ‘ಎನ್‌ಆರ್‌ಎಕ್ಸ್’ ಗುರುತು, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆಯ ಮಾತು. ಅದು ಆಲ್ಪ್ರಜೋಲಮ್. ವಿಪರೀತ ಆತಂಕ ಇರುವವರಿಗೆ ವೈದ್ಯರು ಬರೆದುಕೊಡುವ ಮಾತ್ರೆ. ನಮ್ಮ ಕಡೆ ಎಲ್ಲರೂ ‘ನಿದ್ದೆ ಮಾತ್ರೆ’ ಎಂದೇ ಕರೆಯುತ್ತಾರೆ. ಯಾರೋ ಹೊರಗಿನವರು ಗೇಟಿನ ಬಳಿ ಮಾರಿರಬೇಕು ಎಂದೇ ನಾವೆಲ್ಲ ಅಂದುಕೊಂಡೆವು. ಹಾಗಿರಲಿಲ್ಲ. ಅದು ಬಂದದ್ದು ಒಂದು ಮನೆಯ ಫ್ರಿಜ್ಜಿನ ಮೇಲಿದ್ದ ಅಜ್ಜಿಯ ಬಿಸ್ಕತ್ತು ಡಬ್ಬಿಯಿಂದ.

ಆ ದಿನ ನಾನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಡೀ ತರಗತಿಯ ಎದುರು ಬ್ಯಾಗುಗಳನ್ನು ತೆಗೆಸಿ ಹುಡುಕಿಸಿದೆ. ಜೋರು ಮಾಡಿದೆ. ಮರುದಿನದಿಂದ ಒಂದು ಮಗು ಶಾಲೆಗೇ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ನಡುವೆ ಇದ್ದವಳು ಹಾಗೆ ಮಾಡಬಾರದಿತ್ತು. ಆ ಮಗು ಮತ್ತು ತಾಯಿ ಕೊನೆಗೆ ನನ್ನ ಕೋಣೆಗೆ ಬಂದು ಕೂತಾಗ ಕೇಳಿದ ಮಾತು ಇದು: “ಪ್ರಿಪರೇಟರಿ ಪರೀಕ್ಷೆ ಹಿಂದಿನ ರಾತ್ರಿ ಒಂದೇ ಒಂದು ತಗೊಂಡೆ ಮಿಸ್. ಎದೆ ಡವಡವ ಅನ್ನೋದು ನಿಂತೋಯ್ತು. ಆಮೇಲೆ ಪ್ರತಿ ಟೆಸ್ಟಿಗೂ ಬೇಕು ಅನ್ನಿಸ್ತು.” ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಯಾರ ಮಗು ಎಂದು ದಯವಿಟ್ಟು ಹುಡುಕಬೇಡಿ.

‘ಬೇಕು ಅನ್ನಿಸ್ತು’ ಎಂಬ ಆ ಮಾತನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅದು ಹಠವಲ್ಲ, ಕೆಟ್ಟ ಬುದ್ಧಿಯಲ್ಲ. ಮಿದುಳಿನಲ್ಲಿ ಅದಕ್ಕೊಂದು ದಾರಿಯೇ ಇದೆ.

1954ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಒಳಭಾಗಕ್ಕೆ ಸಣ್ಣ ತಂತಿ ಇಳಿಸಿ ಒಂದು ಪ್ರಯೋಗ ಮಾಡಿದರು. ಇಲಿ ಒಂದು ಸನ್ನೆಗೋಲು ಒತ್ತಿದರೆ ಆ ಜಾಗಕ್ಕೆ ಚಿಟಿಕೆಯಷ್ಟು ವಿದ್ಯುತ್ ಹೋಗುತ್ತಿತ್ತು. ಇಲಿಗಳು ಒತ್ತುತ್ತಲೇ ಹೋದವು, ಗಂಟೆಗೆ ನೂರಾರು ಸಲ. ಆಮೇಲಿನ ದಶಕಗಳಲ್ಲಿ ಆ ದಾರಿಯ ನಕ್ಷೆ ಸಿಕ್ಕಿತು. ಮಿದುಳಿನ ನಡುಭಾಗದ ಒಂದು ಸಣ್ಣ ಗುಂಪಿನ ಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಮುಂದಕ್ಕೆ ಕಳಿಸುತ್ತವೆ. ಅದು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಜಾಗವನ್ನೂ ಹಣೆಯ ಹಿಂದಿನ ಯೋಚಿಸುವ ಭಾಗವನ್ನೂ ಮುಟ್ಟುತ್ತದೆ. ಡೋಪಮೈನ್ ತಾನೇ ಒಂದು ಸಂದೇಶವಾಹಕ ಎಂದು 1950ರ ದಶಕದ ಕೊನೆಯಲ್ಲಿ ತೋರಿಸಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಡೋಪಮೈನ್ ಎಂದರೆ ‘ಖುಷಿಯ ರಸ’ ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಅದು ಪೂರ್ತಿ ಸರಿಯಲ್ಲ. ನಮ್ಮ ಶಾಲೆಯ ಊಟದ ಗಂಟೆಯನ್ನೇ ತೆಗೆದುಕೊಳ್ಳಿ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಮಗುವಿಗೆ ಖುಷಿ ಆಗುವುದು ತಟ್ಟೆಗೆ ಬಿಸಿ ಅನ್ನ ಬಿದ್ದಾಗ. ಎರಡು ವಾರ ಕಳೆಯಲಿ, ಗಂಟೆ ಹೊಡೆದ ಕೂಡಲೇ ಮಗು ಬೆಂಚಿನಿಂದ ಎದ್ದಿರುತ್ತದೆ. ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕಂಡುಕೊಂಡದ್ದೂ ಇದನ್ನೇ: ಕಲಿತ ಮೇಲೆ ಡೋಪಮೈನ್ ಕೋಶಗಳು ರಸಕ್ಕಲ್ಲ, ರಸ ಬರುತ್ತದೆ ಎಂಬ ಸೂಚನೆಗೆ ಮಿಡಿಯುತ್ತವೆ. ಸೂಚನೆ ಬಂದು ರಸ ಬಾರದಿದ್ದರೆ ಅವುಗಳ ಮಿಡಿತ ಮಾಮೂಲಿಗಿಂತಲೂ ಕೆಳಗಿಳಿಯುತ್ತದೆ. ‘ಇದು ಮುಖ್ಯ, ನೆನಪಿಟ್ಟುಕೋ, ಮತ್ತೆ ಮಾಡು’ ಎಂದು ಕಲಿಸುವುದೇ ಡೋಪಮೈನಿನ ಕೆಲಸ. ಓದಲು ಕಲಿಯುವುದು, ಕಬಡ್ಡಿ ಕಲಿಯುವುದು, ಹೊಗಳಿಕೆಗೆ ಅರಳುವುದು ಎಲ್ಲವೂ ಈ ದಾರಿಯಲ್ಲೇ. ಮೇಷ್ಟರಾದ ನಮಗೆ ಇದಕ್ಕಿಂತ ದೊಡ್ಡ ಸಹಾಯಕ ಬೇರೆ ಇಲ್ಲ.

ಆ ಡೋಪಮೈನ್ ಕೋಶಗಳು ಸುಮ್ಮಸುಮ್ಮನೆ ಸಿಡಿಯದ ಹಾಗೆ ಪಕ್ಕದಲ್ಲೇ ಕಾವಲು ಕೋಶಗಳಿವೆ. ಆಲ್ಪ್ರಜೋಲಮ್, ಡಯಾಜೆಪಾಮ್‌ನಂಥ ಮಾತ್ರೆಗಳು ಆ ಕಾವಲುಗಾರನನ್ನೇ ಮಲಗಿಸುತ್ತವೆ. ಟ್ರಮಡಾಲ್, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳು ಮತ್ತು ಕೋಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ರೀತಿಯಲ್ಲಿ ಕೆಲಸ ಮಾಡುವ ಗುಂಪು. ಕೋಡೀನಂತೂ ನಮ್ಮ ಯಕೃತ್ತಿಗೆ ಹೋದಾಗ ಸ್ವಲ್ಪ ಭಾಗ ಮಾರ್ಫಿನ್ನೇ ಆಗುತ್ತದೆ. ಇವೂ ಮುಖ್ಯವಾಗಿ ಅದೇ ಕಾವಲುಗಾರನ ಬಾಯಿ ಮುಚ್ಚಿಸುತ್ತವೆ. ಕಾವಲಿಲ್ಲದ ಹೊಲಕ್ಕೆ ದನ ನುಗ್ಗಿದ ಹಾಗೆ ಡೋಪಮೈನ್ ನುಗ್ಗುತ್ತದೆ. ಮಗು ಏನನ್ನೂ ಸಾಧಿಸಿಲ್ಲ, ಆದರೂ ಮಿದುಳು ‘ಇದು ಬಹಳ ಮುಖ್ಯ’ ಎಂದು ಬರೆದುಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ, ಆ ಡಬ್ಬಿ, ಸ್ಟ್ರಿಪ್ ಹರಿಯುವ ಸದ್ದು, ಇವೆಲ್ಲ ಊಟದ ಗಂಟೆಯಾಗಿಬಿಡುತ್ತವೆ.

ದಿನ ಕಳೆದಂತೆ ಮಿದುಳು ಈ ನುಗ್ಗಾಟಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ. ಒಂದು ಮಾತ್ರೆ ಸಾಲದು, ಎರಡು ಬೇಕು. ಇದಕ್ಕಿಂತ ನನಗೆ ಸಂಕಟ ತರುವುದು ಇನ್ನೊಂದು. ಮಾತ್ರೆ ಇಲ್ಲದ ಹೊತ್ತಿನಲ್ಲಿ ಉಳಿದದ್ದೆಲ್ಲ ಸಪ್ಪೆಯಾಗುತ್ತದೆ. ಅಮ್ಮ ಮಾಡಿದ ಹೋಳಿಗೆ, ಸಂಜೆಯ ಕ್ರಿಕೆಟ್, ಅಕ್ಕನ ಜೊತೆ ಜಗಳ ಯಾವುದೂ ಮೊದಲಿನ ಹಾಗೆ ರುಚಿಸುವುದಿಲ್ಲ. ‘ನಮ್ಮ ಮಗು ಯಾಕೋ ಮಂಕಾಗಿದೆ’ ಎಂದು ನೀವು ಹೇಳುವುದು ಆಗಲೇ. ‘ಬೇಡ, ನಿಲ್ಲು’ ಎನ್ನಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ವಯಸ್ಸಾಗಬೇಕು. ಹದಿನೈದರ ಮಗುವಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಪತ್ರ ಓದಿ ಅಜ್ಜಿಯ ಮಾತ್ರೆಯನ್ನು ನಾಳೆಯೇ ನಿಲ್ಲಿಸಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಔಷಧವೇ. ಬಹಳ ದಿನ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಕಡಿಮೆ ಮಾಡುವುದಿದ್ದರೂ ವೈದ್ಯರ ಕಣ್ಣೆದುರೇ, ಸ್ವಲ್ಪಸ್ವಲ್ಪವಾಗಿ. ಮಗು ಕದ್ದು ತೆಗೆದುಕೊಳ್ಳುತ್ತಿತ್ತು ಎಂದು ಗೊತ್ತಾದರೂ ಇದೇ ನಿಯಮ. ಮೂರ್ಛೆರೋಗಕ್ಕೆ ಇದೇ ಗುಂಪಿನ ಔಷಧ ತೆಗೆದುಕೊಳ್ಳುವ ಮಕ್ಕಳಿದ್ದಾರೆ, ಗಮನ ನಿಲ್ಲದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ. ಅವರನ್ನು ಯಾರಾದರೂ ಬೇರೆ ಕಣ್ಣಿನಿಂದ ನೋಡಿದರೆ ನಾನು ಸಹಿಸುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಈ ಬಗೆಯ ಅನೇಕ ಔಷಧಗಳು ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. 2018ರಲ್ಲಿ ಟ್ರಮಡಾಲ್ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೂ ಬಂತು. ಆದರೆ ‘ನಮ್ಮ ಪರಿಚಯದ ಅಂಗಡಿ’ ಎಂದು ಹಳೇ ಚೀಟಿ ಕೊಟ್ಟು ಮಗುವನ್ನೇ ಕಳಿಸುವವರು ನಾವೇ. ಈ ಒಂದು ಅಭ್ಯಾಸವನ್ನು ಇಂದಿನಿಂದಲೇ ಬಿಡಿ. 2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 1.08ರಷ್ಟು, ಅಂದರೆ ಸುಮಾರು 1.18 ಕೋಟಿ ಜನ, ಚೀಟಿ ಇಲ್ಲದೆ ನಿದ್ರಾಜನಕಗಳನ್ನು ಬಳಸುತ್ತಿದ್ದರು. ಇದು ಎಲ್ಲೋ ದೂರದ ಊರಿನ ಕಥೆಯಲ್ಲ.

ಇವತ್ತು ರಾತ್ರಿ ಮನೆಯ ಮಾತ್ರೆ ಡಬ್ಬಿಯನ್ನು ಒಮ್ಮೆ ಸುರಿದು ಎಣಿಸಿ. ಎಷ್ಟು ಬಂದವು, ಎಷ್ಟು ಖರ್ಚಾದವು, ಎಷ್ಟು ಉಳಿದವು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಕೆಂಪು ‘ಆರ್‌ಎಕ್ಸ್’ ಅಥವಾ ‘ಎನ್‌ಆರ್‌ಎಕ್ಸ್’ ಇರುವುದು ಬೀರುವಿನೊಳಗೆ, ಬೀಗದ ಒಳಗೆ ಇರಲಿ. ಆಪರೇಷನ್ ಆದಾಗ ತಂದು ಉಳಿದ ನೋವಿನ ಮಾತ್ರೆಗಳನ್ನು ‘ಮುಂದೆ ಬೇಕಾದೀತು’ ಎಂದು ಇಟ್ಟುಕೊಳ್ಳಬೇಡಿ. ಅವನ್ನು ಹೇಗೆ ವಿಲೇವಾರಿ ಮಾಡಬೇಕು ಎಂದು ಔಷಧಿ ಅಂಗಡಿಯವರನ್ನು ಕೇಳಿ.

ಮಗು ಹಗಲಲ್ಲಿ ತೂಕಡಿಸುತ್ತಿದ್ದರೆ, ಮಾತು ತೊದಲಿದರೆ, ಹಣ ಕಾಣೆಯಾದರೆ, ಬ್ಯಾಗಿನಲ್ಲಿ ಖಾಲಿ ಸಿರಪ್ ಬಾಟಲಿ ಸಿಕ್ಕಿದರೆ ಹೊಡೆಯಬೇಡಿ. ಕೂತು ಕೇಳಿ. ಎಬ್ಬಿಸಿದರೂ ಏಳದೆ ಉಸಿರು ನಿಧಾನವಾಗಿದ್ದರೆ ಮಾತ್ರ ಕೇಳುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ, ಸ್ಟ್ರಿಪ್ ಜೊತೆಗೆ ಒಯ್ಯಿರಿ. ನಿದ್ದೆ ಮಾತ್ರೆ, ಅಫೀಮಿನ ಗುಂಪಿನ ಮಾತ್ರೆ, ಮದ್ಯ ಇವುಗಳಲ್ಲಿ ಎರಡು ಸೇರಿದರೂ ಉಸಿರೇ ನಿಲ್ಲಬಹುದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಶಾಲೆಯ ಕಡೆಯಿಂದ ನನ್ನ ಭರವಸೆ: ತಾನಾಗಿ ಬಂದು ಹೇಳಿಕೊಂಡ ಯಾವ ಮಗುವಿಗೂ ಟಿ.ಸಿ. ಕೊಡುವುದಿಲ್ಲ. ತರಗತಿಯೆದುರು ಬ್ಯಾಗ್ ಹುಡುಕುವುದಿಲ್ಲ. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಹತ್ತನೇ ತರಗತಿಯ ಸಂಜೆ ವಿಶೇಷ ತರಗತಿಯನ್ನು ಅರ್ಧ ಗಂಟೆ ಕಡಿಮೆ ಮಾಡಿ, ಆ ಹೊತ್ತು ಮೈದಾನಕ್ಕೆ ಬಿಡುತ್ತೇವೆ. ಅಂಕ ಕಡಿಮೆಯಾದೀತು ಎಂದು ಕೆಲವರು ಆಗಲೇ ಫೋನ್ ಮಾಡಿದ್ದೀರಿ. ನಾನು ಒಪ್ಪುವುದಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ 3 ಗಂಟೆಗೆ ಪೋಷಕರ ಸಭೆ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಬರುತ್ತಾರೆ. ಎಲ್ಲರೆದುರು ಕೇಳಲು ಮುಜುಗರವಾದರೆ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 6ರ ತನಕ ನನ್ನ ಕೋಣೆಯಲ್ಲಿರುತ್ತೇನೆ. ಹಿಂಬಾಗಿಲೂ ತೆರೆದಿರುತ್ತದೆ, ಆಫೀಸು ದಾಟಿ ಬರಬೇಕಾಗಿಲ್ಲ.

ಇಂತಿ ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ