ಹಲ್ಲಿನ ತಂತಿಯ ಗುಣಮಟ್ಟಕ್ಕೂ ಗಮನ ಬೇಕು

ಮಾನ್ಯ ಸಂಪಾದಕರೇ,

ವಕ್ರದಂತ ಸರಿಪಡಿಸಲು ಮಕ್ಕಳಿಗೆ ಕ್ಲಿಪ್ ಹಾಕಿಸುವುದು ಈಗ ಕೊಡಗಿನಲ್ಲೂ ಸಾಮಾನ್ಯವಾಗಿದೆ. ಎಷ್ಟು ತಿಂಗಳು, ಎಷ್ಟು ಖರ್ಚು ಎಂದು ವಿಚಾರಿಸುವ ನಾವು ಪೋಷಕರು, ಹಲ್ಲನ್ನು ನಿಜವಾಗಿ ಸರಿಸುವ ತಂತಿ ಎಂಥದ್ದೆಂದು ಕೇಳುವುದಿಲ್ಲ.

ಚಿಕಿತ್ಸೆಯ ಮೊದಲ ಹಂತದಲ್ಲಿ ಹೆಚ್ಚಾಗಿ ಬಳಸುವುದು ನಿಕಲ್ ಮತ್ತು ಟೈಟೇನಿಯಂ ಬೆರೆತ, ತನ್ನ ಮೂಲ ಆಕಾರವನ್ನು ನೆನಪಿಟ್ಟುಕೊಳ್ಳುವ ಮಿಶ್ರಲೋಹದ ತಂತಿಯನ್ನು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಲೋಹವನ್ನು 1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ದಂತಚಿಕಿತ್ಸೆಗೆ ತಂದರು. ತಣ್ಣೀರಿನಲ್ಲಿ ಅದ್ದಿದರೆ ದಾರದಂತೆ ಬಾಗುವ ಇಂಥ ತಂತಿ, ಬಾಯಿಯ ಬಿಸಿ ತಗುಲಿದೊಡನೆ ಬಿಗಿಯಾಗಿ, ಕಮಾನಿನ ಆಕಾರಕ್ಕೆ ಮರಳಲು ಹವಣಿಸುತ್ತಾ ಹಲ್ಲುಗಳನ್ನು ಮೆಲ್ಲನೆ ಎಳೆಯುತ್ತದೆ. ಸ್ಟೀಲ್ ತಂತಿಯಾದರೆ ಹಲ್ಲು ಸ್ವಲ್ಪ ಸರಿದ ಕೂಡಲೇ ಒತ್ತಡ ಬಹುಪಾಲು ಇಳಿದುಹೋಗುತ್ತದೆ; ಇದರಲ್ಲಿ ಹಗುರವಾದ ಒತ್ತಡ ವಾರಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆಟಿ ತಿಂಗಳ ಮಳೆಗೆ ನಾಪೋಕ್ಲು–ಭಾಗಮಂಡಲ ರಸ್ತೆಯ ಮೇಲೆ ನೀರು ಬಂದರೆ ವೈದ್ಯರು ಕೊಟ್ಟ ದಿನಕ್ಕೆ ಹೋಗಲಾಗದ ನಮ್ಮಂಥವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಆದರೆ ಈ ಗುಣ ಲೋಹದ ಪಾಕ ಎಷ್ಟು ಕರಾರುವಾಕ್ಕಾಗಿದೆ ಎಂಬುದರ ಮೇಲೆ ನಿಂತಿದೆ. ನಿಕಲ್‌ನ ಪರಮಾಣು ಪ್ರಮಾಣ ಶೇ 0.1ರಷ್ಟು ಏರುಪೇರಾದರೂ ತಂತಿ ಬಿಗಿಯಾಗುವ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬದಲಾಗಬಹುದು. 1990ರ ದಶಕದಲ್ಲಿ ಬಂದ ತಾಮ್ರ ಬೆರೆಸಿದ ತಂತಿಗಳು 27, 35, 40 ಡಿಗ್ರಿ ಎಂಬ ವಿಂಗಡಣೆಯಲ್ಲೇ ಮಾರಾಟವಾಗುತ್ತವೆ. 40 ಡಿಗ್ರಿಯದು ಬಿಸಿ ಕಾಫಿ ಕುಡಿದಾಗಲಷ್ಟೇ ಪೂರ್ತಿ ಚುರುಕಾಗುತ್ತದೆ. ಹೀಗಿರುವಾಗ, ನನ್ನ ಮಗಳಿಗೆ ಹಾಕಿದ ತಂತಿಯ ಪೊಟ್ಟಣವನ್ನು ಕೇಳಿ ಪಡೆದು ನೋಡಿದರೆ ಅದರ ಮೇಲೆ ಇದ್ದುದು ದಪ್ಪದ ಅಳತೆ ಮಾತ್ರ. (ಬಿಸ್ಕತ್ತಿನ ಪೊಟ್ಟಣದಲ್ಲಿ ಇದಕ್ಕಿಂತ ಹೆಚ್ಚಿನ ವಿವರ ಇರುತ್ತದೆ.)

ಇನ್ನೊಂದು ಸಂಗತಿ ನಿಕಲ್‌ನದು. ತಂತಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಆಗಿದ್ದು, ಅಗ್ಗದ ಓಲೆ ಹಾಕಿದರೆ ಕಿವಿ ತುರಿಸುವ ಮಕ್ಕಳಿಗೆ ನಿಕಲ್ ಅಲರ್ಜಿ ಇರುವ ಸಂಭವವಿದೆ. ಮೇಲ್ಮೈಯಲ್ಲಿರುವ ಟೈಟೇನಿಯಂ ಆಕ್ಸೈಡ್‌ನ ತೆಳು ಪದರ ನಿಕಲ್ ಹೊರಬರದಂತೆ ತಡೆಯುತ್ತದೆಯಾದರೂ, ಹುಳುಕು ತಡೆಯಲು ಹಲ್ಲಿಗೆ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್‌ಗಳು ಆ ಪದರವನ್ನೇ ಕೊರೆಯಬಲ್ಲವು. ಆದ್ದರಿಂದ ಮೇಲ್ಮೈಯನ್ನು ಗಟ್ಟಿಗೊಳಿಸುವ ಲೇಪನಗಳ ಬಗೆಗೂ ಸಂಶೋಧನೆ ಮುಂದುವರಿಯಬೇಕಾಗಿದೆ.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ಗೆ ಇಂಥ ಮಿಶ್ರಲೋಹಗಳ ಅನುಭವವಿದೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಬಾಯಿಯಿಂದ ತೆಗೆದ ಮೇಲೆ ಕಸಕ್ಕೆ ಹೋಗುವ ತಂತಿಗಳನ್ನು ಸಂಗ್ರಹಿಸಿ, ಅವು ಬಿಗಿಯಾಗುವ ಉಷ್ಣಾಂಶ ಎಷ್ಟು ಬದಲಾಗಿದೆ, ಮೇಲ್ಮೈ ಎಷ್ಟು ಸವೆದಿದೆ ಎಂದು ಇಂಥ ಸಂಸ್ಥೆಗಳು ಜೊತೆಗೂಡಿ ಪರೀಕ್ಷಿಸಲು ರಾಜ್ಯ ಸರ್ಕಾರ ನೆರವು ಒದಗಿಸಬೇಕು. ಅಲ್ಲಿಯವರೆಗೆ ಕನಿಷ್ಠಪಕ್ಷ, ತಂತಿ ಬಿಗಿಯಾಗುವ ಉಷ್ಣಾಂಶವನ್ನೂ ನಿಕಲ್ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸುವುದನ್ನು ಸಂಬಂಧಪಟ್ಟ ಇಲಾಖೆಯು ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

– ಓರ್ವ ಪೋಷಕ, ನಾಪೋಕ್ಲು, ಕೊಡಗು