ಹಾಸನದ ಆ ಯಜಮಾನರಿಗೆ

ಹೆಸರು ಕೇಳಿದರೆ ನಕ್ಕು, "ಗಾಡಿ ಸ್ಟಾರ್ಟ್ ಆಯ್ತಲ್ಲ, ಹೊರಡಪ್ಪ" ಅಂದುಬಿಟ್ಟಿರಿ. ಹಾಗಾಗಿ ಈ ಧನ್ಯವಾದವನ್ನು ಇಲ್ಲೇ ಬರೆಯುತ್ತಿದ್ದೇನೆ.

ನಮ್ಮಪ್ಪನ ಎರಡು ಸಿಲಿಂಡರಿನ ಬೈಕು ರಾಜದೂತ್ 350 ಏರಿನಲ್ಲಿ ಕಟಕಟ ಅನ್ನುತ್ತಿತ್ತು. ಪೆಟ್ರೋಲು, ಕಾರ್ಬ್ಯುರೇಟರ್ ಎಲ್ಲ ನೋಡಿಯಾಗಿತ್ತು. ನೀವು ಮೊದಲು ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಿರಿ. ಒಂದು ಕಾಫಿಪುಡಿ ಬಣ್ಣ, ಸರಿಯಾಗಿ ಉರಿದ ಗುರುತು; ಇನ್ನೊಂದು ಸುಣ್ಣದಷ್ಟು ಬಿಳಿ, ಅತಿಯಾಗಿ ಕಾದ ಗುರುತು. ಆ ಬಿಳಿಯದನ್ನು ತೋರಿಸಿ, "ಇದೊಂದರಲ್ಲೇ ಕಿಡಿ ಬೇಗ ಬರ್ತಿದೆ. ಪಾಯಿಂಟ್ ಗ್ಯಾಪ್ ಯಾರು ಮುಟ್ಟಿದ್ದು?" ಅಂದಿರಿ. ಪಾಯಿಂಟ್ ಅಂದರೆ ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಅದರ ಸಂದನ್ನು ಹಿಂದಿನ ವಾರ ನಾನೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಅಗಲ ಮಾಡಿದ್ದೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಹೊತ್ತಿಗೆ ಮೊದಲೇ ಹಾರುತ್ತದೆ, ಅದರಿಂದಲೇ ಆ ಕಟಕಟ ಅನ್ನುವುದು ಆವತ್ತೇ ಗೊತ್ತಾಗಿದ್ದು.

ಈ ಎಂಜಿನ್‌ನಲ್ಲಿ ಸಿಲಿಂಡರಿಗೊಂದು ಪಾಯಿಂಟ್. ಹಾಗಾಗಿ ಒಂದನ್ನು ಸರಿ ಮಾಡಿದರೆ ಸಾಲದು. ಎರಡಕ್ಕೂ ಗ್ಯಾಪ್ 0.35 ಮಿ.ಮೀ. ಇಟ್ಟು, ಪಿಸ್ಟನ್ ಎಷ್ಟು ಮೇಲೆ ಬಂದಿದೆ ಎಂದು ತೋರಿಸುವ ಡಯಲ್ ಗೇಜನ್ನು ಪ್ಲಗ್ ತೂತಿಗೆ ಕೂರಿಸಿ, ಪಿಸ್ಟನ್ ತುದಿಗೆ ಬರಲು 2 ಮಿ.ಮೀ. ಇರುವಾಗ ನಿಲ್ಲಿಸಿದಿರಿ. ಪಾಯಿಂಟ್ ಕೂತಿರುವ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ ಹಾಗೆ, ಪಾಯಿಂಟ್ ವೈರಿಗೆ ಸಿಕ್ಕಿಸಿದ್ದ ಪುಟ್ಟ ಬಲ್ಬು ಪಳಕ್ಕನೆ ಹತ್ತಿತು, ಪಾಯಿಂಟ್ ತೆರೆದ ಗುರುತು. ಇನ್ನೊಂದು ಸಿಲಿಂಡರಿಗೂ ಅಷ್ಟೇ ತಾಳ್ಮೆ. ಊಟದ ಹೊತ್ತು ಮೀರಿದರೂ ಗಡಿಯಾರ ನೋಡಲಿಲ್ಲ.

ಇನ್ನು ಸ್ವಲ್ಪ ದಿನ ಹಾಗೇ ಓಡಿಸಿದ್ದರೆ ಪಿಸ್ಟನ್ನೇ ತೂತಾಗಬಹುದಿತ್ತು. ದುಡ್ಡು ಬೇಡವೆಂದಿರಿ, ಒಂದು ಕಾಫಿಯನ್ನಷ್ಟೇ ಒಪ್ಪಿಕೊಂಡಿರಿ. ಮೊನ್ನೆ ಶಿರಾಡಿ ಘಾಟಿ ಹತ್ತಿದೆ, ಎಲ್ಲೂ ಸದ್ದಿಲ್ಲ. ಪ್ಲಗ್ ಬಿಚ್ಚಿ ನೋಡಿದೆ ಯಜಮಾನರೇ, ಎರಡೂ ಕಾಫಿ ಬಣ್ಣ.