ರಿಪೇರಿಯಾಗಿ ಬಂದ ಕಾರನ್ನು ನೋಡುವವರು ಯಾರು? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರಗಳು.

ಅಪಘಾತವಾದ ಕಾರನ್ನು ರಿಪೇರಿಗೆ ಮೊದಲು ನೋಡುವವರಿಗೆ ಕೊರತೆಯಿಲ್ಲ. ಕೇಸಾದರೆ ಪೊಲೀಸರು ಮಹಜರು ಬರೆಯುತ್ತಾರೆ. ಮೋಟಾರು ವಾಹನ ಕಾಯ್ದೆಯ 136ನೇ ಕಲಮಿನಡಿ ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಬ್ರೇಕು, ಸ್ಟೀರಿಂಗು ನೋಡಿ ವರದಿ ಕೊಡುತ್ತಾರೆ. ವಿಮೆಯ ಕ್ಲೇಮು 50,000 ರೂಪಾಯಿ ದಾಟಿದರೆ ಹಾನಿ ಅಂದಾಜಿಸಲು ಪರವಾನಗಿ ಇರುವ ಸರ್ವೇಯರ್ ಬರಬೇಕು. ಆದರೆ ಅದೇ ಕಾರು ತಟ್ಟಿ, ಬೆಸುಗೆ ಹಾಕಿ, ಬಣ್ಣ ಹೊಡೆದು ಗ್ಯಾರೇಜಿನಿಂದ ಹೊರಬಿದ್ದಾಗ ಅದು ಓಡಾಡಲು ಸುರಕ್ಷಿತವೇ ಎಂದು ಯಾರೂ ನೋಡುವುದಿಲ್ಲ. ವಿಮಾ ಕಂಪನಿಯವರು ಮರುತಪಾಸಣೆ ಮಾಡಿದರೂ ಬಿಲ್ಲಿನಲ್ಲಿರುವ ಪಾರ್ಟು ಹಾಕಿದ್ದಾರೋ ಇಲ್ಲವೋ ಎಂಬ ಲೆಕ್ಕಕ್ಕಷ್ಟೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಅದು ಫಿಟ್‌ನೆಸ್‌ಗಾಗಿ ಆರ್‌ಟಿಒ ಮುಂದೆ ನಿಲ್ಲಬೇಕಿಲ್ಲ. ಎರಡನೇ ವರ್ಷದಲ್ಲಿ ಪಿಲ್ಲರ್, ಅಂದರೆ ಛಾವಣಿ ಹೊರುವ ಕಂಬ, ಕತ್ತರಿಸಿ ಜೋಡಿಸಿದ ಕಾರು ಇನ್ನೂ 13 ವರ್ಷ ಹಾಗೇ ಓಡಬಹುದು, ನಡುವೆ ಮಾಲೀಕರೂ ಬದಲಾಗಬಹುದು.

ಗ್ಯಾರೇಜು ಆರಿಸುವ ಹೊಣೆ ಮಾಲೀಕರದ್ದೇ ಎನ್ನಬಹುದು. ಆದರೆ ಆ ಆಯ್ಕೆ ಎಷ್ಟೋ ಸಲ ರಸ್ತೆಯಲ್ಲೇ ಅವರ ಕೈತಪ್ಪುತ್ತದೆ. ಟೋಯಿಂಗ್ ಗಾಡಿಯವರು ಕಮಿಷನ್ ಸಿಗುವ ಕಡೆಗೆ ಎಳೆದೊಯ್ಯುತ್ತಾರೆ. ಅಲ್ಲಿ ಒಂದು ಗಂಟೆಯೊಳಗೆ ಬಂಪರು, ಬಾನೆಟ್ಟು ಬಿಚ್ಚಿ ಕೆಳಗಿಟ್ಟಿರುತ್ತಾರೆ. ಬೇರೆ ಕಡೆ ಒಯ್ಯುತ್ತೇವೆ ಎಂದರೆ ಬಿಚ್ಚಿದ ಕೂಲಿ, ದಿನಕ್ಕಿಷ್ಟು ನಿಲುಗಡೆ ಬಾಡಿಗೆ. ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಆ ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿಗೆ ಮಾತ್ರ ಎಂಬುದು ನಿಜ. ಆದರೆ ಬೇರೆ ಕಡೆ ಮಾಡಿಸಿ, ಬಿಲ್ಲು ಕೊಟ್ಟು ಹಣ ವಾಪಸು ಪಡೆಯುವ ದಾರಿಯೂ ಇದೆ. ಇದನ್ನು ಗಾಬರಿಯಲ್ಲಿರುವ ಮಾಲೀಕರಿಗೆ ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನು 'ಸಾರ್, ನಿಮ್ಮ ಕೈಯಿಂದ ಒಂದು ರೂಪಾಯಿ ಬೇಡ' ಎನ್ನುವ ಗ್ಯಾರೇಜು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗುಗಳಿಗೆ ಶೇ. 50 ಸವಕಳಿ ಕಡಿತ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ: ಮೊದಲ ಆರು ತಿಂಗಳು ಏನೂ ಇಲ್ಲ, 3ರಿಂದ 4 ವರ್ಷದ ಕಾರಿಗೆ ಶೇ. 25, 5 ವರ್ಷ ದಾಟಿ 10 ವರ್ಷದವರೆಗಿನದಕ್ಕೆ ಶೇ. 40. ಅಂದರೆ 12,000 ರೂಪಾಯಿಯ ಪ್ಲಾಸ್ಟಿಕ್ ಬಂಪರಿನಲ್ಲಿ 6,000 ಮಾಲೀಕರೇ ಕೊಡಬೇಕು. ಸವಕಳಿ ಇಲ್ಲದ ಪಾಲಿಸಿಯಿದ್ದರೂ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯ ಕಡಿತ ತಪ್ಪದು. ಹಾಗಿದ್ದೂ 'ಒಂದು ರೂಪಾಯಿ ಬೇಡ' ಎಂದರೆ ಆ ಹಣ ಬರುವುದು ಎಲ್ಲಿಂದ? ಬದಲಿಸಿದ್ದೇವೆಂದು ಬಿಲ್ಲು ಮಾಡಿ ಬದಲಿಸದ ಪಾರ್ಟಿನಿಂದ, ಅಥವಾ ಹೊಸದರ ಜಾಗದಲ್ಲಿ ಕೂತ ಗುಜರಿ ಪಾರ್ಟಿನಿಂದ.

ಬಂಪರಿನಲ್ಲಿ ಮೋಸ ಹೋದರೆ ಹೋಗುವುದು ದುಡ್ಡು. ಬಾಡಿಗೆ ಬಲ ಕೊಡುವ ಪಿಲ್ಲರು, ಅಪ್ರಾನು (ಎಂಜಿನ್ ಪಕ್ಕದ ಒಳತಗಡು), ಕ್ರಾಸ್ ಮೆಂಬರಿನ (ಅಡ್ಡಪಟ್ಟಿಯ) ವಿಷಯ ಹಾಗಲ್ಲ. ಇತ್ತೀಚಿನ ಹಲವು ಕಾರುಗಳ ಬಾಗಿಲ ನಡುವಿನ ಪಿಲ್ಲರು ಬಿಸಿ ಅಚ್ಚಿನಲ್ಲಿ ಒತ್ತಿದ ಬೋರಾನ್ ಉಕ್ಕಿನದು. ಬಾಡಿಯ ಮಾಮೂಲಿ ತಗಡಿಗಿಂತ ಹಲವು ಪಟ್ಟು ಗಟ್ಟಿ. ಗ್ಯಾಸ್ ಬೆಂಕಿ ಹಿಡಿದು ಬಗ್ಗಿಸಿದರೆ ಆ ಗಡಸುತನವೇ ಹೋಗುತ್ತದೆ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಣ್ಣಿಗೆ ಏನೂ ಕಾಣದು. ಮುಂದಿನ ಸಲ ಪಕ್ಕದಿಂದ ಗುದ್ದಿದಾಗಲೇ ಗೊತ್ತಾಗುವುದು. ಇಂಥ ಕೆಲಸಕ್ಕೆ ಕಾರನ್ನು ಬಾಡಿ ನೇರ ಮಾಡುವ ಬೆಂಚಿಗೆ ಕಟ್ಟಿ, ತಯಾರಕರು ಕೊಟ್ಟ ಅಳತೆಗೆ ಕೆಲವೇ ಮಿಲಿಮೀಟರ್ ವ್ಯತ್ಯಾಸದೊಳಗೆ ಎಳೆದು ತರಬೇಕು, ಅವರು ಹೇಳಿದ ಜಾಗದಲ್ಲೇ ಬೆಸುಗೆ ಹಾಕಬೇಕು. ಅಳತೆ ತಪ್ಪಿದರೆ ಅಲೈನ್‌ಮೆಂಟ್ ಎಷ್ಟು ಮಾಡಿದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ. ಬೆಸುಗೆಯ ಒಳಬದಿಗೆ ಸೀಲರ್, ತುಕ್ಕು ತಡೆಯುವ ಲೇಪನ ಹಾಕದೆ ಬಿಟ್ಟರೆ ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಬೇಗ ಹಿಡಿಯುತ್ತದೆ.

ಏರ್‌ಬ್ಯಾಗಿನ ಮೋಸ ಇದಕ್ಕಿಂತ ಸುಲಭ. ಬಿಚ್ಚಿಕೊಂಡ ಬ್ಯಾಗಿನ ಜೊತೆ ಕೆಲಸ ಮಾಡಿದ ಪ್ರಿಟೆನ್ಷನರನ್ನೂ (ಗುದ್ದಿದಾಗ ಸೀಟ್‌ಬೆಲ್ಟ್ ಬಿಗಿಯುವ ಸಾಧನ) ಬದಲಿಸಬೇಕು. ಏರ್‌ಬ್ಯಾಗನ್ನು ನಿಯಂತ್ರಿಸುವ ಕಂಟ್ರೋಲ್ ಮಾಡ್ಯೂಲು, ಸೆನ್ಸರುಗಳ ವಿಷಯದಲ್ಲಿ ತಯಾರಕರು ಹೇಳಿದಂತೆ ನಡೆಯಬೇಕು. ಅದರ ಬದಲು ಕನೆಕ್ಟರಿಗೆ ಕೆಲವೇ ರೂಪಾಯಿಯ ರೆಸಿಸ್ಟರ್ (ವಿದ್ಯುತ್ ತಡೆಯುವ ಪುಟ್ಟ ಬಿಡಿಭಾಗ) ಸಿಕ್ಕಿಸಿದರೆ ಮಾಡ್ಯೂಲು ಬ್ಯಾಗು ಇದೆ ಎಂದೇ ನಂಬುತ್ತದೆ. ಸ್ಟೀರಿಂಗಿನ ಮುಚ್ಚಳ ಅಂಟಿಸಿ ಕೊಟ್ಟರೆ ಆಯಿತು. ಗಾಡಿ ಪಡೆಯುವಾಗ ಕೀ ತಿರುಗಿಸಿ ಮೀಟರ್ ನೋಡಬೇಕು. ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತದೇ ಇದ್ದರೆ ದೀಪಕ್ಕೇ ಕೈ ಹಾಕಿದ್ದಾರೆ ಎಂದು ಅನುಮಾನಿಸಬೇಕು. ರೆಸಿಸ್ಟರ್ ಹಾಕಿದ್ದರೆ ದೀಪವೂ ಸರಿಯಾಗೇ ನಡೆದುಕೊಳ್ಳುತ್ತದೆ, ಕಾರಿನ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನ್ ವರದಿಯೂ ಸಾಲದು. ಬ್ಯಾಗಿನ ಬಿಲ್ಲು, ಸೀರಿಯಲ್ ನಂಬರು, ಅದನ್ನು ಕೂರಿಸುವಾಗಿನ ಫೋಟೊ ಕೇಳಿ ಪಡೆಯಬೇಕು.

ಬಣ್ಣದ ಪರೀಕ್ಷೆ ಸರಳ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಹೊಸ ಡೋರು ಹಾಕಿದ್ದೇವೆ ಎಂದ ಕಡೆ ದಪ್ಪ ಅಳೆಯುವ ಗೇಜು 800 ತೋರಿಸಿದರೆ ಒಳಗಿರುವುದು ಪುಟ್ಟಿ.

ಗ್ಯಾರೇಜು ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಇದು ನಿಂತಿಲ್ಲ. ತಗಡಿನ ಶೆಡ್ಡಿನಲ್ಲಿ ಪ್ರಾಮಾಣಿಕವಾಗಿ ದುಡಿಯುವ ಟಿಂಕರ್‌ಗಳಿದ್ದಾರೆ, ಗಾಜಿನ ಶೋರೂಮಿನ ಹಿಂದೆ ಪುಟ್ಟಿ ಮೆತ್ತುವವರೂ ಇದ್ದಾರೆ. ಇಬ್ಬರನ್ನೂ ಬೇರೆ ಮಾಡಿ ತೋರಿಸುವುದು ಕಾಗದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1971ರ ಕಾಯ್ದೆಯಡಿ ರಿಪೇರಿ ಅಂಗಡಿಗಳು ಸರ್ಕಾರದಲ್ಲಿ ನೋಂದಾಯಿಸಬೇಕು, ಲಿಖಿತ ಅಂದಾಜು ಕೊಡಬೇಕು. ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ನಾಳೆಯೇ ಬರಲಿ ಎಂದು ಕೇಳುತ್ತಿಲ್ಲ.

ಕೇಳುವುದು ಇಷ್ಟು. ಮಾಲೀಕರ ಸಹಿಯ ಲಿಖಿತ ಅಂದಾಜಿಲ್ಲದೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಅಂದಾಜಿನಲ್ಲಿ ಪ್ರತಿ ಪಾರ್ಟಿನ ನಂಬರು, ಅದು ರಿಪೇರಿಯೋ ಬದಲಿಯೋ, ಕೂಲಿ, ಬಣ್ಣದ ಖರ್ಚು ಬೇರೆಬೇರೆ ಇರಬೇಕು. ಬಿಚ್ಚಿದ ಮೇಲೆ ಕಂಡ ಹಾನಿಗೆ ಹೊಸ ಅಂದಾಜು, ಹೊಸ ಸಹಿ. ತೆಗೆದ ಹಳೆಯ ಪಾರ್ಟುಗಳು ವಿಮಾ ಕಂಪನಿಗೆ ಹೋಗುವುದಿದ್ದರೂ ಮಾಲೀಕರಿಗೆ ತೋರಿಸಿ ಫೋಟೊ ಕೊಡಬೇಕು. ಪಿಲ್ಲರ್, ಚಾಸಿ, ಏರ್‌ಬ್ಯಾಗ್ ಮುಟ್ಟಿದ ರಿಪೇರಿಗೆ ಕೆಲಸದ ಮೊದಲಿನ ಹಾಗೂ ನಂತರದ ಅಳತೆ ಪಟ್ಟಿ, ಅಲೈನ್‌ಮೆಂಟ್ ಪ್ರಿಂಟು, ಸ್ಕ್ಯಾನ್ ವರದಿ ಕಡ್ಡಾಯವಾಗಲಿ. ಅಂಥ ಕಾರು ಒಮ್ಮೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರಕ್ಕೆ ಹೋಗಿಬರಲಿ, ಅದು ನೋಂದಣಿ ದಾಖಲೆಯಲ್ಲೂ ಕಾಣಲಿ.

ರಿಪೇರಿ ಖರ್ಚು ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯದ ಶೇ. 75 ದಾಟಿ 'ಟೋಟಲ್ ಲಾಸ್' ಆದ ಕಾರುಗಳದ್ದು ಇನ್ನೊಂದು ಕಥೆ. ಬಳಸಲಾಗದಂತೆ ಹಾಳಾದ ವಾಹನದ ಬಗ್ಗೆ ಮಾಲೀಕರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 55ನೇ ಕಲಮು ಹೇಳುತ್ತದೆ. ಟೋಟಲ್ ಲಾಸ್ ಕಾರು ರಿಪೇರಿಯಾಗಬಹುದಾದದ್ದೇ ಇರಬಹುದು, ಹಾಗಾಗಿ ಆ ಕಲಮಿಗೆ ಸಿಗದೆ ಹರಾಜಿನಲ್ಲಿ ಆರ್‌ಸಿ ಸಮೇತ ಕೈ ಬದಲಾಗಿ ಮತ್ತೆ ರಸ್ತೆಗಿಳಿಯುತ್ತದೆ. ಕೊಳ್ಳುವವರಿಗೆ ಕಾಣುವಂತೆ ಅದರ ದಾಖಲೆಯಲ್ಲಿ ಗುರುತು ಬೀಳಲಿ.

ಕೊನೆಯದಾಗಿ, ಗ್ಯಾರೇಜಿನವರು ಮೊದಲ ದಿನವೇ ಖಾಲಿ ಕ್ಲೇಮ್ ಫಾರ್ಮಿನ ಜೊತೆ 'ಕೆಲಸ ತೃಪ್ತಿಯಾಗಿದೆ' ಎಂಬ ಚೀಟಿಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಗಾಡಿ ಓಡಿಸಿ ನೋಡುವ ಮೊದಲು ಪಡೆದ ಆ ಸಹಿಗೆ ಬೆಲೆಯಿಲ್ಲ ಎಂದು ಒಂದು ಸುತ್ತೋಲೆ ಬಂದರೂ ಸಾಕಷ್ಟು ಜಗಳ ತಪ್ಪುತ್ತದೆ. ವಿಮೆ ನಿಮ್ಮ ಇಲಾಖೆಯದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ರಾಜ್ಯದ ಪರವಾಗಿ ನೀವೇ ಪತ್ರ ಬರೆಯಬೇಕೆಂದು ಕೋರುತ್ತೇವೆ.

ಇಂತಿ,
ಬಾಡಿ ರಿಪೇರಿ ಮತ್ತು ಕ್ಲೇಮ್ ಕೆಲಸದಲ್ಲಿರುವ ಕೆಲವರು
ಬೆಂಗಳೂರು